ಓರಗಿತ್ತಿಯ ಬೆರಳು

ಹೊಲಿಗೆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಧೊಪ್ಪಕ್ಕ ಎಂದೇ ಕರೆಯುತ್ತಿದ್ದರು. ರಕ್ತ ಕಂಡೊಡನೆ ಧೊಪ್ಪನೆ ಬೀಳುವವಳಿಗೆ ಇನ್ನೇನು ಹೆಸರಿಡುತ್ತಾರೆ? ನಗುವವರಿಗೇನು ಗೊತ್ತು ಬೀಳುವವರ ಸಂಕಟ. ಮಗಳು ಮೆಟ್ಟಿಲಿನಿಂದ ಉರುಳಿ ಹಣೆ ಒಡೆದುಕೊಂಡ ದಿನ ಅಕ್ಕಪಕ್ಕದವರು ಮೊದಲು ನೀರು ಚಿಮುಕಿಸಿದ್ದು ತಾಯಿಯ ಮುಖಕ್ಕೆ. ಮಗು ಅಲ್ಲೇ ಅಳುತ್ತಾ ಕೂತಿತ್ತು. ಒಂಬತ್ತು ವರ್ಷ ಕಳೆದರೂ ಅದನ್ನು ನೆನೆದರೆ ಅವಳಿಗೆ ಮುಖ ಎತ್ತಲಾಗುತ್ತಿರಲಿಲ್ಲ.

ಅಂದು ಹಣೆಗೆ ಹೊಲಿಗೆ ಹಾಕಿಸಿಕೊಟ್ಟ ನರ್ಸಮ್ಮ ಮಾತ್ರ ನಗಲಿಲ್ಲ. "ಮೈ ಸಡಿಲ ಬಿಡು ಅಂತಾರಲ್ಲ, ಆ ಮಾತು ಕೇಳ್ಬೇಡಮ್ಮ. ತಲೆ ತಿರುಗೋಕೆ ಶುರುವಾದ್ರೆ ತೊಡೆ, ಹೊಟ್ಟೆ, ತೋಳು ಎಲ್ಲಾ ಗಟ್ಟಿಯಾಗಿ ಬಿಗಿ ಹಿಡಿ. ಬೀಳಲ್ಲ" ಎಂದಿದ್ದಳು. ಧೊಪ್ಪಕ್ಕ ತಲೆಯಾಡಿಸಿದಳು. ಆದರೆ ಅದನ್ನು ಮಾಡಿ ನೋಡಬೇಕಾದರೆ ಮೊದಲು ರಕ್ತ ನೋಡಬೇಕಲ್ಲ. ಆ ಉಸಾಬರಿಯೇ ಬೇಡವೆಂದು, ಯಾರಿಗಾದರೂ ಸೂಜಿ ಚುಚ್ಚಿದರೆ ನೀರು ಕುಡಿಯುವ ನೆಪ ಮಾಡಿ ಎದ್ದು ಹೋಗುತ್ತಿದ್ದಳು.

ಪಕ್ಕದ ಯಂತ್ರದಲ್ಲಿ ಅವಳ ಓರಗಿತ್ತಿ, ಮೈದುನನ ಹೆಂಡತಿ. ಬಾಯಿ ಅಂದರೆ ಬಾಯಿ. ದಾರ ತುಂಡಾದರೂ ದಾರ ಮಾಡಿದವನ ವಂಶವನ್ನೇ ಜಾಲಾಡುತ್ತಿದ್ದಳು. ಆದರೆ ಕಾಲರ್ ಹೊಲಿಯುವುದರಲ್ಲಿ ಅವಳ ಸಮಕ್ಕೆ ಬರುವವರಿರಲಿಲ್ಲ. ಆ ಬೆರಳುಗಳಿಂದಲೇ ಮನೆಯ ಅರ್ಧ ಸಂಸಾರ ನಡೆಯುತ್ತಿತ್ತು.

ಒಂದು ಮಧ್ಯಾಹ್ನ ಎಲ್ಲರೂ ಬುತ್ತಿ ಹಿಡಿದು ಮೇಲಿನ ಮಹಡಿಗೆ ಹೋಗಿದ್ದರು. ಉಳಿದವರು ಇವರಿಬ್ಬರೇ. ಓರಗಿತ್ತಿಯ ಯಂತ್ರ ಗಕ್ಕನೆ ನಿಂತಿತು.

"ಅಕ್ಕಾ."

ಸೂಜಿ ಅವಳ ಬಲಗೈ ತೋರುಬೆರಳಿನ ಉಗುರಿನೊಳಗೆ ಅರ್ಧ ಇಳಿದು ನಿಂತಿತ್ತು. ಪೆಡಲಿನ ಮೇಲಿದ್ದ ಕಾಲು ಗಡಗಡ ನಡುಗುತ್ತಿತ್ತು. ಕಾಲು ಇನ್ನೊಮ್ಮೆ ಒತ್ತಿದರೆ ಯಂತ್ರ ಬೆರಳನ್ನೂ ಕಾಲರ್‌ಗೆ ಸೇರಿಸಿ ಹೊಲಿದುಬಿಡುತ್ತದೆ. ಧೊಪ್ಪಕ್ಕ ಬಗ್ಗಿ ಮೇಜಿನಡಿಯ ಸ್ವಿಚ್ ಆರಿಸಿದಳು. ಮೆಟ್ಟಿಲಿನತ್ತ ತಿರುಗಿದಳು.

"ಮೇಲೆ ಹೋಗಿ ಯಾರನ್ನಾದ್ರೂ ಕರೀತೀನಿ."

"ಬಿಟ್ಟು ಹೋಗ್ಬೇಡ ಅಕ್ಕ. ಚಕ್ರ ತಿರುಗಿಸು, ಸೂಜಿ ಮೇಲೆ ಬರತ್ತೆ."

ಯಂತ್ರದ ಬಲಬದಿಯ ಚಕ್ರದ ಮೇಲೆ ಧೊಪ್ಪಕ್ಕ ಕೈಯಿಟ್ಟಳು. ಕಣ್ಣು ಗಟ್ಟಿಯಾಗಿ ಮುಚ್ಚಿದಳು. ಹದಿನಾಲ್ಕು ವರ್ಷ, ದಿನಕ್ಕೆ ನೂರು ಸಲ, ಚಕ್ರವನ್ನು ತನ್ನತ್ತಲೇ ತಿರುಗಿಸಿ ಪಳಗಿದ ಕೈ ಅದು. ಈಗಲೂ ತನ್ನತ್ತಲೇ ತಿರುಗಿಸಿತು. ಸೂಜಿ ಇನ್ನಷ್ಟು ಕೆಳಗಿಳಿಯಿತು. ಓರಗಿತ್ತಿಯ ಗಂಟಲಿನಿಂದ ಹೊರಟ ಸದ್ದು ಮನುಷ್ಯರದ್ದೆಂದೇ ಅನಿಸಲಿಲ್ಲ.

ಧೊಪ್ಪಕ್ಕ ಚಕ್ರವನ್ನು ಹಿಡಿದು ನಿಲ್ಲಿಸಿದಳು. ಅಯ್ಯೋ, ತಪ್ಪು ಕಡೆಗೆ ತಿರುಗಿಸಿದೆ. ಇನ್ನು ಕಣ್ಣು ಮುಚ್ಚಿ ಮಾಡುವ ಹಾಗಿಲ್ಲ. ಸೂಜಿ ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಲೇಬೇಕು. ಕಣ್ಣು ಬಿಟ್ಟಳು. ಬಿಳಿ ಕಾಲರ್ ತುಂಬಾ ಕೆಂಪು ಹರಡುತ್ತಿತ್ತು. ಕಿವಿಯಲ್ಲಿ ಗುಂಯ್ ಎಂದಿತು, ಕಣ್ಣಂಚಿನಿಂದ ಕತ್ತಲೆ ಕವಿಯತೊಡಗಿತು. ತೊಡೆ ಬಿಗಿದಳು, ಹೊಟ್ಟೆ ಬಿಗಿದಳು, ಹಲ್ಲು ಕಚ್ಚಿದಳು. ಕತ್ತಲೆ ಹೋಗಲಿಲ್ಲ, ಆದರೆ ಮುಂದೆಯೂ ಬರಲಿಲ್ಲ. ಚಕ್ರವನ್ನು ಆಚೆಗೆ ತಿರುಗಿಸಿದಳು, ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು. ಸೂಜಿ ಏರಿತು. ಬೆರಳು ಬಿಡುಗಡೆಯಾಯಿತು. ರಕ್ತ ಧೊಪ್ಪಕ್ಕನ ಅಂಗೈಗೇ ಸುರಿಯಿತು, ಬೆಚ್ಚಗೆ. ಹೊಸ ಬಟ್ಟೆಯ ತುಂಡೊಂದನ್ನು ಒತ್ತಿ ಹಿಡಿದಳು.

ದವಾಖಾನೆಯಲ್ಲಿ ಡಾಕ್ಟರು, ಮೂಳೆ ಉಳಿದಿದೆ, ತಿಂಗಳಲ್ಲಿ ಕೆಲಸಕ್ಕೆ ಹೋಗಬಹುದು ಎಂದರು. ಹೊರಗಿನ ಬೆಂಚಿನ ಮೇಲೆ ಧೊಪ್ಪಕ್ಕ ಓರಗಿತ್ತಿಯ ಪಕ್ಕ ಕೂತಳು.

"ಮೊದ್ಲು ನಾನು ತಪ್ಪು ಕಡೆಗೆ ತಿರುಗಿಸ್ದೆ ಕಣೆ. ಕಣ್ಣು ಮುಚ್ಚಿದ್ದೆ."

"ಗೊತ್ತು. ನಾನು ನಿನ್ನ ಮುಖಾನೇ ನೋಡ್ತಿದ್ದೆ."

"ಮತ್ತೆ ಯಾಕೆ ಬೈಲಿಲ್ಲ?"

"ಬೈದಿದ್ರೆ ನೀನು ಬಿದ್ದುಬಿಡ್ತಿದ್ದೆ. ಆಮೇಲೆ ನನ್ನ ಬಿಡಿಸೋಕೆ ಅಲ್ಲಿ ಯಾರಿದ್ರು?"