ಯಂಕಪ್ಪನ ಎಲುಬು

ಕಮಲಾಪುರದ ಬಸ್‌ಸ್ಟ್ಯಾಂಡಿನ ಎದುರು ಕೆಂಪು ಬಾಳೆಹಣ್ಣು ಮಾರುವ ಹೆಂಗಸರಲ್ಲಿ ಕಸ್ತೂರಿಬಾಯಿಯ ಬಾಯಿಗೆ ಎದುರು ನಿಂತವರಿಲ್ಲ. ಹಣ್ಣು ಒತ್ತಿ ನೋಡುವ ಗಿರಾಕಿಗೆ, "ಅದೇನು ನಿಮ್ಮ ಮೊಮ್ಮಗನ ಗಲ್ಲ ಏನ್ರೀ?" ಎಂದು ಕೇಳಿ ನಗಿಸಿ, ಬೇಡವೆಂದವನಿಗೂ ಒಂದು ಹಣಿಗೆ ಹಣ್ಣು ಕಟ್ಟಿ ಕಳಿಸುವವಳು. ಅಂಥವಳು ಕಲಬುರಗಿಯ ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ಡಾಕ್ಟರ ಮುಂದೆ ತುಟಿ ಬಿಚ್ಚದೆ ಕೂತಿದ್ದಳು.

ಅವಳ ಬಲ ಮೊಣಕಾಲಿಗೆ ಹಿಂದೆ ಹಾಕಿಸಿದ್ದ ಲೋಹದ ಕೀಲು ವರ್ಷಗಟ್ಟಲೆ ಚೆನ್ನಾಗಿಯೇ ನಡೆದಿತ್ತು. ಆಮೇಲೆ ನೋವು ಶುರುವಾಯಿತು. ಮಗಳು ಪಂಚಶೀಲಾ ಎಷ್ಟು ಬಡಿದುಕೊಂಡರೂ ಕೇಳದೆ, ಎಣ್ಣೆ ತಿಕ್ಕಿ, ಪಟ್ಟಿ ಕಟ್ಟಿ ಬುಟ್ಟಿ ಹೊತ್ತೇ ಹೊತ್ತಳು. ಈಗ ಗೋಡೆ ಹಿಡಿಯದೆ ಬಚ್ಚಲಿಗೂ ಹೋಗಲಾಗುತ್ತಿರಲಿಲ್ಲ.

"ಯವ್ವಾ, ಕೀಲು ಬದಲಿ ಮಾಡ್ಬೇಕು," ಎಂದರು ಡಾಕ್ಟರು. "ಆದ್ರ ಅದರ ಬುಡದಾಗಿನ ಎಲುಬೇ ಸವೆದು ತಗ್ಗು ಬಿದ್ದದ. ತಗ್ಗು ತುಂಬದೆ ಹೊಸಾದು ಕೂಡಿಸಿದ್ರ ನಿಲ್ಲಂಗಿಲ್ಲ."

"ನನ್ನ ಎಲುಬೇ ಎಲ್ಲಿಂದರೆ ತೆಗೀರಿ."

"ಅದು ಸಾಲಂಗಿಲ್ಲ. ಸೊಂಟದ ಆಪರೇಷನ್‌ದಾಗ ಬ್ಯಾರೆಯವರಿಂದ ತೆಗೆದ ತೊಡಿ ಎಲುಬಿನ ತುದಿಯ ಗುಂಡು ನಮ್ಮ ಹತ್ರ ಅದ. ಅವರು ಖುಷಿಲಿಂದ ಕೊಟ್ಟದ್ದು. ಪರೀಕ್ಷಾ ಮಾಡಿ ಥಂಡಿ ಪೆಟ್ಟಿಗ್ಯಾಗ ಇಟ್ಟೀವಿ. ಅದನ್ನ ಚೂರು ಮಾಡಿ ತುಂಬಿದ್ರ, ಬರಬರ್ತ ನಿಮ್ಮ ಎಲುಬು ಅದರಾಗ ಬೆಳೀತದ."

ಅಂಥದೊಂದು ಗುಂಡನ್ನು ಕಸ್ತೂರಿಬಾಯಿ ತನ್ನ ಕೈಯಾರೆ ಹೂತಿದ್ದಳು.

ಗಂಡ ಯಂಕಪ್ಪ ಬಾಳೆತೋಟದ ಕಾಲುವೆಯಲ್ಲಿ ಜಾರಿ ಸೊಂಟ ಮುರಿದುಕೊಂಡಾಗ ಆಪರೇಷನ್ ಆದದ್ದು ಇಲ್ಲಿಯೇ. ತೆಗೆಯುವ ಎಲುಬನ್ನು ಬೇರೆ ರೋಗಿಗಳಿಗಾಗಿ ಇಟ್ಟುಕೊಳ್ಳಬಹುದೇ ಎಂದು ನರ್ಸ್ ಮೊದಲೇ ಬಂದು ಕೇಳಿದ್ದಳು.

"ಇಟ್ಕೊಳ್ರೆವ್ವಾ," ಎಂದಿದ್ದ ಯಂಕಪ್ಪ. "ನನಗ ಮುರಿದದ್ದು ಯಾರಿಗರೆ ಕೂಡಲಿ."

ಕಸ್ತೂರಿಬಾಯಿ ಸಿಡಿದಿದ್ದಳು. ಅವರ ಮನೆತನದಲ್ಲಿ ಸತ್ತವರನ್ನು ಹೂಳುತ್ತಾರೆ. ಮೈಯಿಂದ ಬೇರೆಯಾದದ್ದು ಒಂದು ಬೆರಳೇ ಆಗಲಿ, ಊರಿನ ಮಣ್ಣಿಗೇ ಬರಬೇಕು, ಮುಂದೆ ಆ ಮನುಷ್ಯನೂ ಅದರ ಮಗ್ಗುಲಲ್ಲೇ ಮಲಗಬೇಕು ಎಂಬುದು ಅತ್ತೆ ಕಲಿಸಿದ ಪಾಠ. "ಅರ್ಧ ಮೈ ಇಟ್ಕೊಂಡು ಮಣ್ಣಿಗೆ ಹೋಗ್ತೀರೇನು? ನೀವು ಸುಮ್ಮಿರ್ರಿ!"

ಯಂಕಪ್ಪ ಸುಮ್ಮನಾದ. ಮದುವೆಯಾದಾಗಿನಿಂದ ಅವನಿಗೆ ಅದು ರೂಢಿಯೇ. ಎಲುಬನ್ನು ಬಿಳಿ ಅರಿವೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದು ಅವಳು ಕಮಲಾಪುರದ ಮಣ್ಣಿನಲ್ಲಿ ಇಟ್ಟಳು. ಕುಂಟುತ್ತ ಮನೆಗೆ ಬಂದ ಮೇಲೆ ಅವನು ಒಮ್ಮೆ ಮಾತ್ರ, "ಪಾಪ, ಯಾರಿಗರೆ ಬರ್ತಿತ್ತು," ಎಂದ. ಅವಳು ಕೇಳಿಸದವಳಂತೆ ರೊಟ್ಟಿ ಬಡಿಯುತ್ತಿದ್ದಳು. ಹೋದ ವರ್ಷ ಅವನೂ ಅದೇ ಎಲುಬಿನ ಮಗ್ಗುಲಿಗೆ ಹೋಗಿ ಮಲಗಿದ. ಇಡೀ ಮನುಷ್ಯನನ್ನು ಮಣ್ಣಿಗೆ ಕೊಟ್ಟೆನೆಂದು ಅವಳು ಬಂದವರ ಮುಂದೆಲ್ಲ ಹೆಮ್ಮೆಯಿಂದ ಹೇಳಿಕೊಂಡಿದ್ದಳು.

"ನಾ ಒಲ್ಲೆ ಅಂದ್ರ?" ಎಂದು ಈಗ ಮೆಲ್ಲಗೆ ಕೇಳಿದಳು.

"ಮುಂದ ಎದ್ದು ನಡೆಯೂದು ಕಷ್ಟ ಅದ, ಯವ್ವಾ."

ಒಪ್ಪಿದಳು. ಒಪ್ಪುವಾಗ ತಲೆ ಎತ್ತಲಿಲ್ಲ.

ಆಪರೇಷನ್ ಆದ ಮೇಲೆ ವಾಕರ್ ಹಿಡಿದು ವರಾಂಡದಲ್ಲಿ ನಿಂತಾಗ ಕಾಲು ಕುಸಿಯಲಿಲ್ಲ. ಪಂಚಶೀಲಾ ಕಣ್ಣೊರೆಸಿಕೊಂಡು ನಕ್ಕಳು. ಕಸ್ತೂರಿಬಾಯಿಗೆ ನಗು ಬರಲಿಲ್ಲ. ಅತ್ತ ಬಂದ ಡಾಕ್ಟರನ್ನು ತಡೆದು ಕೇಳಿದಳು:

"ಸಾಹೇಬ್ರ, ಇದು ಕೊಟ್ಟವರು ಯಾರ್ರೀ?"

"ಹೆಸರು ಹೇಳಂಗಿಲ್ಲ, ಯವ್ವಾ."

"ಹೆಸರು ಬ್ಯಾಡ್ರಿ. ಅವರ ಮನ್ಯಾಗ ಯಾರೂ ಬ್ಯಾಡ ಅನ್ನಲಿಲ್ಲೇನ್ರೀ?"

"ಅಂದಿದ್ರ ನಿಮಗ ಹೆಂಗ ಸಿಗ್ತಿತ್ತು?" ಎಂದು ಡಾಕ್ಟರು ನಕ್ಕು ಮುಂದೆ ಹೋದರು. ಅವರಿಗೇನು ಗೊತ್ತು, ಪಾಪ.

ಕೋಲು ಬಿಟ್ಟು ನಡೆಯಲು ಬಂದ ಮೇಲೆ ಅವಳು ಮೊದಲು ಹೋದದ್ದು ಬಸ್‌ಸ್ಟ್ಯಾಂಡಿಗಲ್ಲ, ಗಂಡನ ಗೋರಿಗೆ. ದೊಡ್ಡ ದಿಬ್ಬದ ಪಕ್ಕದ ಚಿಕ್ಕ ದಿಬ್ಬ ಮಳೆಗೆ ನೆಲಸಮವಾಗಿ ಹುಲ್ಲು ಬೆಳೆದಿತ್ತು. ಅದರ ಅಡಿಯಲ್ಲಿ ಯಾರೋ ಒಬ್ಬರ ನಡಿಗೆ ಮಣ್ಣಾಗಿದೆ ಎಂದು ಅನ್ನಿಸಿ ಅವಳಿಗೆ ಅಳು ಒತ್ತರಿಸಿ ಬಂತು.

"ತಪ್ಪಾಯ್ತ್ರೀ," ಎಂದಳು. "ಜೀವಮಾನ ಎಲ್ಲ ಸುಮ್ಮಿರ್ರಿ ಅಂದೆ. ಇವತ್ತೊಂದು ಮಾತರೆ ಬೈರಿ."

ಯಂಕಪ್ಪ ಸುಮ್ಮನೇ ಇದ್ದ.