ಶುಕ್ರವಾರದ ನೆಪ

ಕಳೆದ ಶುಕ್ರವಾರ ನಾನು ಲಕ್ಷ್ಮಿಯ ಹೆಸರಿನಲ್ಲಿ ಸುಳ್ಳು ಹೇಳಿದೆ. ಆದರೂ ಈ ವಾರ ನನ್ನಷ್ಟು ಖುಷಿಯಾಗಿರುವವಳು ಇಡೀ ನಂಜನಗೂಡಿನಲ್ಲಿ ಇನ್ನೊಬ್ಬಳಿಲ್ಲ. ಹೇಗೆ ಅಂತೀರಾ?

ನಾನು ಮನೆಯಲ್ಲಿ ಹೂಬತ್ತಿ ಹೊಸೆದು ಮಾರುತ್ತೇನೆ. ನರಸೀಪುರದಲ್ಲಿ ಪೂಜಾ ಸಾಮಾನಿನ ಅಂಗಡಿ ಇಟ್ಟಿರುವ ಮಾದೇವಮ್ಮ ಕಾರ್ತಿಕ ಸೋಮವಾರಕ್ಕೆಂದು ಐವತ್ತು ಕಟ್ಟು ಹೇಳಿದ್ದರು. ಕಟ್ಟಿಗೆ ನೂರು ಬತ್ತಿ. ನನ್ನ ಮೊದಲ ದೊಡ್ಡ ಆರ್ಡರ್. ಆ ಶುಕ್ರವಾರ ನಂಜುಂಡಪ್ಪನ ದರ್ಶನ ಮುಗಿಸಿ, ದೀಪ ಹಚ್ಚುವ ಹೊತ್ತಿಗೆ ಸೀದಾ ಮನೆಗೇ ಬಂದರು.

"ಕೊಟ್ಬುಡಿ ಅಕ್ಕಾರೇ, ಬಸ್ಸಿಗೆ ಟೈಮಾಯ್ತು."

"ಶುಕ್ರವಾರ ದೀಪ ಹಚ್ಚಿದ ಮೇಲೆ ಮನೆಯಿಂದ ಏನೂ ಹೊರಗೆ ಕೊಡಲ್ಲ ಮಾದೇವಮ್ಮ. ಲಕ್ಷ್ಮಿ ಹೊರಟುಹೋಗ್ತಾಳೆ."

ಅವರು ಮೂಲೆಯಲ್ಲಿದ್ದ ಮೊರದ ಕಡೆ ಒಮ್ಮೆ ನೋಡಿದರು. "ಸರಿ, ಮಡಿಕಳಿ ನಿಮ್ ಲಕ್ಷ್ಮೀಯ. ನಾನು ಬ್ಯಾರೆ ಕಡೆ ನೋಡ್ಕತೀನಿ" ಅಂದು ಮೆಟ್ಟಿಲಿಳಿದರು.

ಹೋಯಿತಲ್ಲ ಆರ್ಡರ್!

ಹಿಂದಿನ ತಿಂಗಳು ನಮ್ಮ ಮನೆಯವರನ್ನು ಆಫೀಸಿನವರು ಮೈಸೂರಿಗೆ ಲೈಫ್ ಕೋಚ್ ಒಬ್ಬರ ಟ್ರೈನಿಂಗ್‌ಗೆ ಕಳಿಸಿದ್ದರು. (ಕೋಚ್ ಅಂದರೆ ಕ್ರಿಕೆಟ್ಟಿಗೆ ಮಾತ್ರ ಅಂದುಕೊಂಡಿದ್ದೆ. ಬದುಕಿಗೂ ಇರುತ್ತಾರಂತೆ, ಫೀಸು ಕೊಟ್ಟರೆ.) ಅಲ್ಲಿ ಕೊಟ್ಟ ಫೈಲು ಬೀರುವಿನ ಮೇಲೆ ಧೂಳು ಹಿಡಿದು ಕೂತಿತ್ತು. ಶನಿವಾರ ಬೆಳಿಗ್ಗೆ ಇಳಿಸಿದೆ. ಮೊದಲ ಹಾಳೆಯಲ್ಲೇ ಇತ್ತು: ನಿಮಗೆ ನೀವೇ ಕೋಚ್ ಆಗಿ. ಮಾಡದೆ ಬಿಟ್ಟಿದ್ದು ಯಾವುದು, ಯಾಕೆ ಬಿಟ್ಟಿರಿ? ಉತ್ತರ ಗಟ್ಟಿಯಾಗಿ ಹೇಳಿ.

ದೇವರ ಮನೆಯಲ್ಲಿ ಕೂತು ಕೇಳಿಕೊಂಡೆ. ಯಾಕೆ ಕೊಡಲಿಲ್ಲ? ಶುಕ್ರವಾರ ಅಂತ. ಗುರುವಾರವೇ ಯಾಕೆ ಕಟ್ಟಿಡಲಿಲ್ಲ?

ದೇವರ ಮುಂದೆ ಎಷ್ಟು ಹೊತ್ತು ನಾಟಕ ಆಡುವುದು? ನಿಜ ಹೇಳಿದೆ. ಹನ್ನೆರಡು ಕಟ್ಟು ಇನ್ನೂ ಬಾಕಿ ಇತ್ತು. ಮಧ್ಯಾಹ್ನವೆಲ್ಲ ಧಾರಾವಾಹಿ ನೋಡುತ್ತಾ ಕೂತಿದ್ದೆ.

"ಯಾರ ಹತ್ರ ಮಾತಾಡ್ತಿದ್ದೀಯೇ?" ಹೊರಗಿನಿಂದ ಇವರು.

"ನನ್ನ ಕೋಚ್ ಹತ್ರ."

"ಫೀಸೆಷ್ಟಂತೆ?"

"ನನ್ನ ಮರ್ಯಾದೆ."

ಟಿವಿಗೆ ಟವೆಲ್ ಹೊದಿಸಿದೆ. ಸಂಜೆಯೊಳಗೆ ಹನ್ನೆರಡೂ ಮುಗಿದವು! ಭಾನುವಾರ ನರಸೀಪುರದ ಮೊದಲ ಬಸ್ಸು ಹತ್ತಿದೆ. ದಾರಿಯಲ್ಲಿ ಹದಿನಾರು ಎಂಬ ಊರು ದಾಟುವವರೆಗೂ ಹೇಳಬೇಕಾದ ಒಂದೇ ಮಾತನ್ನು ಬಾಯಲ್ಲಿ ಹೊರಳಿಸುತ್ತಿದ್ದೆ. ಅಂಗಡಿ ಮುಂದೆ ನಿಂತವಳೇ ಹೇಳಿಬಿಟ್ಟೆ.

"ಲಕ್ಷ್ಮಿದೇನೂ ತಪ್ಪಿಲ್ಲ ಮಾದೇವಮ್ಮ. ನಂದೇ ಸೋಮಾರಿತನ. ಕೆಲಸ ಮುಗಿದಿರಲಿಲ್ಲ."

"ನಂಗೊತ್ತಿಲ್ವಾ? ಮೊರದ್ ತುಂಬ ಅತ್ತಿ ಅಂಗೇ ಬಿದ್ದಿತ್ತು. ನಿಜ ಯೋಳಿದ್ರೆ ನಾನೇ ಕೂತ್ಕಂಡು ನಾಕು ಬತ್ತಿ ಒಸ್ದುಕೊಟ್ಟು ಓಯ್ತಿದ್ದೆ."

ಬೇರೆ ಕಡೆ ಅವರಿಗೆ ಬತ್ತಿ ಸಿಕ್ಕಿರಲಿಲ್ಲ. (ಶಿವನ ದಯೆ. ಇಂಥ ಪುಟ್ಟ ದಯೆಗಳನ್ನು ನಾನು ಲೆಕ್ಕ ಇಟ್ಟುಕೊಳ್ಳುತ್ತೇನೆ.) ಐವತ್ತೂ ತೆಗೆದುಕೊಂಡರು. ಸಾಲದು ಅಂತ, ಕಾರ್ತಿಕ ಮುಗಿಯುವವರೆಗೆ ವಾರಕ್ಕೆ ಐವತ್ತು ಬೇಕೆಂದರು! "ಗುರುವಾರಕ್ಕೇ ತಂದ್ಬುಡಿ, ಶುಕ್ರವಾರದ ಸಾವಾಸವೇ ಬ್ಯಾಡ" ಎಂದು ನಕ್ಕರು.

ಶುಕ್ರವಾರದ ಪದ್ಧತಿಯನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ನಾವು ಮಾಡದೆ ಬಿಟ್ಟ ಕೆಲಸಕ್ಕೆಲ್ಲ ದೇವರು ಯಾಕೆ ಜಾಮೀನು ನಿಲ್ಲಬೇಕು, ಹೇಳಿ?