ಕೊನೆಯ ಹತ್ತು ನಿಮಿಷ

ಸೇಡು ಅಂದ ಕೂಡಲೇ ಜನ ಕತ್ತಿ, ಕೊಡಲಿ, ಕೋರ್ಟು ಎಂದೆಲ್ಲ ಯೋಚಿಸುತ್ತಾರೆ. ಪಾಪ, ಅವರಿಗೆ ರೀಲಕ್ಕ ಗೊತ್ತಿಲ್ಲ. ಅವಳು ತನ್ನ ಸೇಡನ್ನು ವಾರಕ್ಕೊಮ್ಮೆ, ಹತ್ತು ಹತ್ತು ನಿಮಿಷದಂತೆ, ಪುಕ್ಕಟೆ ಸಿನಿಮಾದ ಜೊತೆಗೆ ತೀರಿಸಿಕೊಳ್ಳುತ್ತಿದ್ದಳು.

ಅವಳು ಸಾರ್ವಜನಿಕ ಗ್ರಂಥಾಲಯದ ಅಟೆಂಡರ್. ಬೆಳಗ್ಗೆ ಬೀಗ ತೆಗೆಯುವುದು, ಓದಿ ಎಲ್ಲೆಂದರಲ್ಲಿ ಬಿಸಾಕಿದ ಪುಸ್ತಕಗಳನ್ನು ಅದರದರ ಜಾಗಕ್ಕೆ ಸೇರಿಸುವುದು, ಪತ್ರಿಕೆಯ ಮರೆಯಲ್ಲಿ ಗೊರಕೆ ಹೊಡೆಯುವವರನ್ನು ತಟ್ಟಿ ಎಬ್ಬಿಸುವುದು ಅವಳ ಕೆಲಸ. ಎರಡು ವರ್ಷದ ಹಿಂದೆ ಗ್ರಂಥಪಾಲಕರು ಪ್ರತಿ ಶನಿವಾರ ಸಂಜೆ ಮಹಡಿಯ ಹಾಲಿನಲ್ಲಿ ಉಚಿತ ಸಿನಿಮಾ ತೋರಿಸೋಣ ಎಂದು ಹೊರಟಾಗ ಪ್ರೊಜೆಕ್ಟರ್ ಮುಟ್ಟಲು ಉಳಿದವರೆಲ್ಲ ಹೆದರಿದರು. ಇವಳು ಮುಟ್ಟಿದಳು. ಅಂದಿನಿಂದ ರೀಲಕ್ಕ. ರೀಲು ಅನ್ನುವುದು ಆ ಮಿಷಿನ್ನಿನಲ್ಲಿ ಎಲ್ಲೂ ಇಲ್ಲ, ಇರುವುದು ಒಂದು ಲ್ಯಾಪ್‌ಟಾಪು, ಒಂದು ಕೇಬಲ್ಲು. ಆದರೂ ಹೆಸರು ಅಂಟಿಕೊಂಡಿತು.

ಮೂರನೆಯ ಶನಿವಾರ ಮೇಷ್ಟ್ರು ಬಂದರು. ನಿವೃತ್ತ ಹೆಡ್‌ಮಾಸ್ಟರ್. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಕೊಡೆ, ಮುಖದಲ್ಲಿ ಊರಿಗೆಲ್ಲ ಪಾಠ ಹೇಳಿ ಮುಗಿಸಿದ ಸಮಾಧಾನ. ಜನ ಎದ್ದು ಕುರ್ಚಿ ಬಿಟ್ಟುಕೊಟ್ಟರು. ಅವರು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು, "ಲೈಟ್ ಆರಿಸಮ್ಮ" ಎಂದರು. ರೀಲಕ್ಕನ ಗುರುತೇ ಅವರಿಗೆ ಹತ್ತಲಿಲ್ಲ. ಅವಳಿಗೆ ಮಾತ್ರ ಅವರ ಧ್ವನಿ ಕೇಳಿದ್ದೇ ತಡ, ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

ಉರಿಯದೆ ಏನು? ಹತ್ತನೆಯ ತರಗತಿಯ ಗಣಿತ ಪರೀಕ್ಷೆಯ ದಿನ ಅವಳ ಡೆಸ್ಕಿನ ಕೆಳಗೆ ಒಂದು ಚೀಟಿ ಸಿಕ್ಕಿತ್ತು. ಚೀಟಿ ಪಕ್ಕದಲ್ಲಿ ಕೂತವಳದು, ಶಾಲಾ ಸಮಿತಿಯ ಅಧ್ಯಕ್ಷರ ಮಗಳದು. ಗಣಿತದಲ್ಲಿ ತರಗತಿಗೇ ಮುಂದಿದ್ದ ಇವಳಿಗೆ ಚೀಟಿ ಯಾಕೆ ಬೇಕು ಎಂದು ಕೇಳುವಷ್ಟು ಬುದ್ಧಿಯೂ ಯಾರಿಗೂ ಇರಲಿಲ್ಲ. ಮರುದಿನ ಬೆಳಗ್ಗೆ ಇಡೀ ಶಾಲೆಯನ್ನು ಸಾಲಾಗಿ ನಿಲ್ಲಿಸಿ, ಇವಳನ್ನು ಮೆಟ್ಟಿಲ ಮೇಲೆ ಹತ್ತಿಸಿ, ಇದೇ ಮೇಷ್ಟ್ರು ಅವಳನ್ನು ಕಳ್ಳಿ ಎಂದು ಕರೆದು ಹೊರಗೆ ಹಾಕಿದರು. "ಅದು ನಂದಲ್ಲ ಸಾರ್" ಎಂದು ಅವಳು ಏಳು ಸಲ ಹೇಳಿದಳು. ಏಳನೆಯ ಸಲ ಸಾಲಿನಲ್ಲಿದ್ದವರು ನಕ್ಕರು.

ಮನೆಯಲ್ಲಿ ಅಮ್ಮನೂ ನಂಬಲಿಲ್ಲ. "ಅಷ್ಟು ದೊಡ್ಡ ಮನುಷ್ಯರು ಸುಳ್ಳು ಹೇಳ್ತಾರೇನೇ?" ಎಂದು ಬೆನ್ನಿಗೆ ಎರಡು ಬಿಟ್ಟಳು. ಟೀಚರಾಗಬೇಕು ಎಂದಿದ್ದ ಹುಡುಗಿ ರಟ್ಟಿನ ಪೆಟ್ಟಿಗೆಯ ಕಾರ್ಖಾನೆ ಸೇರಿ ಹನ್ನೊಂದು ವರ್ಷ ಗೋಂದು ಹಚ್ಚಿದಳು. ಬೆರಳ ಸಂದಿಯ ಗೋಂದನ್ನು ತಿಕ್ಕಿ ತಿಕ್ಕಿ ತೆಗೆಯುವಾಗಲೆಲ್ಲ ಆ ಏಳನೆಯ ಸಲದ ನಗು ಕಿವಿಯಲ್ಲಿ ಕೇಳುತ್ತಿತ್ತು.

ಅವಳಿಗೆ ಬೇಕಾಗಿದ್ದು ಒಂದೇ. ಆ ಮನುಷ್ಯ ಹತ್ತು ಜನರೆದುರು ನಿಜ ಹೇಳಬೇಕು, ಒಬ್ಬನೂ ನಂಬಬಾರದು. ಆದರೆ ಅದು ಆಗುವುದು ಹೇಗೆ ಎಂದು ಆಗ ಅವಳಿಗೂ ಗೊತ್ತಿರಲಿಲ್ಲ.

ಮೇಷ್ಟ್ರು ಮೊದಲ ಸಲ ಬಂದ ಆ ಶನಿವಾರ ಅವಳು ಒಂದನ್ನು ಗಮನಿಸಿದಳು. ಏಳಕ್ಕೆ ಹತ್ತು ನಿಮಿಷ ಇದ್ದಾಗ ಮೇಷ್ಟ್ರು ಗಡಿಯಾರ ನೋಡಿ ಎದ್ದರು. ಅವರ ಬಡಾವಣೆಗೆ ಏಳಕ್ಕೆ ಬಸ್ಸು, ಅದು ತಪ್ಪಿದರೆ ಮುಂದಿನದು ಒಂಬತ್ತಕ್ಕೆ. ಅಂದು ಸಿನಿಮಾ ಆಗಷ್ಟೇ ಮುಗಿದಿತ್ತು. ರೀಲಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಸಿನಿಮಾ ಸರಿಯಾಗಿ ಏಳಕ್ಕೆ ಮುಗಿದರೆ ಮೇಷ್ಟ್ರಿಗೆ ಕೊನೆಯ ಹತ್ತು ನಿಮಿಷ ಖೋತಾ.

ಅಷ್ಟೇ, ಶುರುವಾಯಿತು. ಐದಕ್ಕೆಂದು ಬೋರ್ಡಿನಲ್ಲಿದ್ದರೂ ನೂರು ನಿಮಿಷದ ಸಿನಿಮಾ ಐದೂ ಇಪ್ಪತ್ತಕ್ಕೆ, ತೊಂಬತ್ತರದ್ದು ಐದೂವರೆಗೆ. ಒಂದು ವಾರ ಕೇಬಲ್ಲು ಹಿಡಿಯುತ್ತಿರಲಿಲ್ಲ, ಇನ್ನೊಂದು ವಾರ ಸ್ಪೀಕರು ಗೊಂಯ್ ಅನ್ನುತ್ತಿತ್ತು, ಮತ್ತೊಂದು ವಾರ ಪರದೆ ಸೊಟ್ಟಗಿತ್ತು. ಏನೂ ಹೊಳೆಯದಿದ್ದರೆ ಗ್ರಂಥಪಾಲಕರ ಹತ್ತಿರ ಹೋಗಿ, "ಸಾರ್, ಜನ ನಿಮ್ಮ ಮಾತು ಕೇಳ್ಬೇಕಂತೆ" ಅನ್ನುವುದು. ಆ ಪುಣ್ಯಾತ್ಮರ ಮೂಗಿಗೆ ಇಷ್ಟು ತುಪ್ಪ ಸವರಿದರೆ ಅರ್ಧ ಗಂಟೆಗೆ ಮೋಸವಿಲ್ಲ. ಎರಡು ಗಂಟೆಯ ಸಿನಿಮಾ ಬಂದ ವಾರ ರೀಲಕ್ಕನಿಗೆ ರಜೆ ಸಿಕ್ಕಂತೆ.

ಕಥೆ ಬಿಗಿಯಾಗಿ, ಹಾಲೆಲ್ಲ ಉಸಿರು ಹಿಡಿದು ಕೂತಾಗ ಮೇಷ್ಟ್ರು ಕೊಡೆ ಹಿಡಿದು, ಕತ್ತು ಮಾತ್ರ ಪರದೆಯ ಕಡೆ ತಿರುಗಿಸಿಕೊಂಡು ಬಾಗಿಲು ದಾಟುತ್ತಿದ್ದರು. ಅದನ್ನು ನೋಡುವುದೇ ರೀಲಕ್ಕನ ಸಿನಿಮಾ.

ಎರಡು ತಿಂಗಳು ಕಳೆಯಿತು. ಒಂದು ಶನಿವಾರ ಮೇಷ್ಟ್ರು ಬೇಗ ಬಂದು, ಆಚೀಚೆ ನೋಡಿ, ಮೆಲ್ಲಗೆ ಕೇಳಿದರು. "ಅಮ್ಮಾ, ಹೋದ ವಾರದ್ದು, ಆ ಜಟಕಾದವನ ಕುದುರೆ ಕಳೆದುಹೋಗಿತ್ತಲ್ಲ... ಕೊನೆಗೆ ಸಿಕ್ತಾ?"

ಬೇರೆಯವರನ್ನು ಕೇಳಿದರೆ ಮರ್ಯಾದೆಗೆ ಕಮ್ಮಿ. ಅಟೆಂಡರನ್ನು ಕೇಳಿದರೆ ಯಾವ ನಷ್ಟ? ಅದೇ ಅವರು ಮಾಡಿದ ತಪ್ಪು.

ಕುದುರೆ ಸಿಕ್ಕಿತ್ತು. ತಾನಾಗಿಯೇ ಮನೆಗೆ ಬಂದಿತ್ತು. ಆದರೆ ರೀಲಕ್ಕನ ಬಾಯಿಂದ ಬಂದದ್ದು ಬೇರೆ. "ಎಲ್ಲಿ ಸಿಗುತ್ತೆ ಮೇಷ್ಟ್ರೇ! ಸೇತುವೆ ಕೆಳಗೆ ಸತ್ತು ಬಿದ್ದಿರುತ್ತೆ. ಜಟಕಾದವನು ಗಾಡಿಗೆ ತನ್ನನ್ನೇ ಕಟ್ಕೊಂಡು ಎಳ್ಕೊಂಡು ಹೋಗ್ತಾನೆ."

"ಆಹಾ!" ಎಂದರು ಮೇಷ್ಟ್ರು. "ಎಂಥಾ ಅರ್ಥ ಇದೆ ನೋಡು!"

ಅಂದು ಮನೆಗೆ ಹೋಗಿ ರೀಲಕ್ಕ ಕುದುರೆಯ ಸಂಗತಿ ಹೇಳಿ ಒಬ್ಬಳೇ ನಕ್ಕಳು. ಅಮ್ಮ ಸೊಪ್ಪು ಬಿಡಿಸುತ್ತಾ, "ಏನೇ, ಆ ಮೇಷ್ಟ್ರ ಮೇಲೆ ಇನ್ನೂ ಹಲ್ಲು ಮಸೀತಿದೀಯಾ? ಬಿಡೇ, ಯಾವ ಕಾಲದ್ದು" ಎಂದಳು.

"ನೀನು ಸುಮ್ನಿರಮ್ಮ. ಅವತ್ತೂ ನೀನು ಅವರ ಕಡೇನೇ."

ಅಮ್ಮ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಅಲ್ಲಿಂದ ಪ್ರತಿ ವಾರ ಮೇಷ್ಟ್ರ ಕಿವಿಯ ಮೇಲೆ ಒಂದೊಂದು ಹೂವು. ಮನೆಗಾಗಿ ಜಗಳವಾಡಿದ ಅಕ್ಕತಂಗಿಯರು ಸಿನಿಮಾದಲ್ಲಿ ಒಂದಾದರೆ, ರೀಲಕ್ಕನ ಪ್ರಕಾರ ಅಕ್ಕ ಮನೆಗೆ ಬೆಂಕಿ ಇಟ್ಟಳು. ಕಾಗದಕ್ಕಾಗಿ ಕಾದ ಗುಮಾಸ್ತನಿಗೆ ಪರದೆಯ ಮೇಲೆ ಕಾಗದ ಬಂದರೆ, ಇವಳ ಬಾಯಲ್ಲಿ ಅವನು ಅಂಚೆ ಕಚೇರಿಯ ಬಾಗಿಲಲ್ಲೇ ಪ್ರಾಣ ಬಿಟ್ಟ. ಮೇಷ್ಟ್ರು ಎಲ್ಲವನ್ನೂ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು.

ನೂರನೆಯ ಸಿನಿಮಾ ಹತ್ತಿರ ಬಂತು. ಸಮಾರಂಭ ಮಾಡಬೇಕು, ಯಾರಿಂದ ಮಾತಾಡಿಸೋಣ ಎಂದು ಗ್ರಂಥಪಾಲಕರು ತಲೆ ಕೆರೆದುಕೊಳ್ಳುತ್ತಿದ್ದರು. "ಮೇಷ್ಟ್ರಿದಾರಲ್ಲ ಸಾರ್, ಒಂದು ವಾರನೂ ತಪ್ಪಿಸ್ಕೊಂಡಿಲ್ಲ" ಎಂದಳು ರೀಲಕ್ಕ. "ನಾವು ನೋಡಿದ ಸಿನಿಮಾಗಳ ಕೊನೆ ಹೇಗಿತ್ತು ಅಂತ ಮಾತಾಡ್ಲಿ. ಜನಕ್ಕೂ ಹೊಸದಾಗಿರುತ್ತೆ." ಗ್ರಂಥಪಾಲಕರು ಅದು ತಮಗೇ ಹೊಳೆದದ್ದು ಎಂಬಂತೆ ಒಪ್ಪಿದರು.

ಆ ಶನಿವಾರ ನಾಲ್ಕಕ್ಕೇ ಹಾಲು ತುಂಬಿತ್ತು. ಬಾಗಿಲವರೆಗೆ ಕುರ್ಚಿ, ಗೋಡೆಗೆ ಒರಗಿದವರು ಬೇರೆ. ರೀಲಕ್ಕ ಹಿಂದಿನ ಪ್ರೊಜೆಕ್ಟರ್ ಕೋಣೆಯ ಬಾಗಿಲಲ್ಲಿ ನಿಂತಳು.

ಮೇಷ್ಟ್ರು ಮೈಕ್ ಹಿಡಿದು ಕುದುರೆಯಿಂದಲೇ ಶುರು ಮಾಡಿದರು. ಸೇತುವೆಯ ಕೆಳಗೆ ಸತ್ತ ಕುದುರೆ, ಗಾಡಿಗೆ ತನ್ನನ್ನೇ ಕಟ್ಟಿಕೊಂಡ ಮನುಷ್ಯ. ಜನ ಮುಖ ಮುಖ ನೋಡಿಕೊಂಡರು. ಅಕ್ಕ ಮನೆಗೆ ಬೆಂಕಿ ಇಟ್ಟಾಗ ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಗುಮಾಸ್ತ ಪ್ರಾಣ ಬಿಡುವ ಹೊತ್ತಿಗೆ, ಒಂದು ಸಿನಿಮಾವನ್ನೂ ಬಿಡದ ದರ್ಜಿಗೆ ತಡೆಯಲಾಗಲಿಲ್ಲ.

"ಮೇಷ್ಟ್ರೇ, ಅವನು ಸಾಯಲ್ಲ! ಕಾಗದ ಬರುತ್ತೆ! ಕುದುರೆನೂ ಸತ್ತಿಲ್ಲ!"

ಹಾಲಿಗೆ ಹಾಲೇ ಗೊಳ್ಳೆಂದಿತು. ಮೇಷ್ಟ್ರು ಪುಟ್ಟ ಪುಸ್ತಕದ ಹಾಳೆ ತಿರುವಿದರು, ಮತ್ತೆ ತಿರುವಿದರು. "ನಾನು... ಬಸ್ಸಿಗೆ ಹೊತ್ತಾಗೋದು. ಕೊನೆ ನೋಡೋಕೆ ಆಗ್ತಿರ್ಲಿಲ್ಲ. ಆ ಅಟೆಂಡರಮ್ಮ ಹೇಳಿದ್ದು ಇದೆಲ್ಲ."

ಎಲ್ಲರ ಕತ್ತು ಹಿಂದಕ್ಕೆ ತಿರುಗಿತು. "ಏನಮ್ಮ, ನೀನು ಹೀಗೆಲ್ಲ ಹೇಳಿದ್ಯಾ?" ಎಂದರು ಗ್ರಂಥಪಾಲಕರು.

"ಅಯ್ಯೋ, ಇಲ್ಲ ಸಾರ್. ವಯಸ್ಸಾಯ್ತಲ್ಲ, ಯಾವುದಕ್ಕೋ ಯಾವುದನ್ನೋ ಸೇರಿಸ್ಕೊಂಡಿರಬೇಕು."

"ನಾನು ನಿಜ ಹೇಳ್ತಿದೀನಿ!" ಮೇಷ್ಟ್ರ ಧ್ವನಿ ಮೈಕಿನಲ್ಲಿ ಕೀರಲಾಯಿತು. "ದೇವರಾಣೆ ನಿಜ!"

ಯಾರೂ ನಂಬಲಿಲ್ಲ. ಮುಂದಿನ ಸಾಲಿನ ಹೆಂಗಸೊಬ್ಬಳು "ಪಾಪ, ಅರಳುಮರಳು" ಎಂದಳು. ಇನ್ನೊಬ್ಬರು ಅವರ ತೋಳು ಹಿಡಿದು ಮಗುವಿನಂತೆ ಕೂರಿಸಿದರು. ರೀಲಕ್ಕನಿಗೆ ಎದೆ ತುಂಬಿ ಬಂತು. ಇಪ್ಪತ್ತೇಳು ವರ್ಷದಿಂದ ಕಿವಿಯಲ್ಲಿ ಕೇಳುತ್ತಿದ್ದ ಆ ನಗು ಅಂದು ನಿಂತಿತು. ಅಯ್ಯೋ ಪಾಪ ಅನ್ನಿಸಿತೇ ಎಂದರೆ, ಇಲ್ಲ, ಒಂದಿಷ್ಟೂ ಅನ್ನಿಸಲಿಲ್ಲ.

ಟೀ ಹಂಚುವಾಗ ಮೇಷ್ಟ್ರು ಪ್ರೊಜೆಕ್ಟರ್ ಕೋಣೆಗೆ ಬಂದರು. ಕಿವಿ ಕೆಂಪಾಗಿತ್ತು. "ಇಲ್ಲಿ ಯಾರೂ ಇಲ್ಲ. ನೀನೇ ಹೇಳಿದ್ದು ಅಂತ ನನ್ನ ಹತ್ರನಾದ್ರೂ ಒಪ್ಕೊಳಮ್ಮ. ಇಲ್ಲದಿದ್ರೆ ನನಗೇ ನನ್ನ ಮೇಲೆ ಅನುಮಾನ ಬರುತ್ತೆ."

ರೀಲಕ್ಕ ಕೇಬಲ್ಲು ಕೆಳಗಿಟ್ಟಳು. "ಹತ್ತನೇ ಕ್ಲಾಸು. ಗಣಿತ ಪರೀಕ್ಷೆ. ಡೆಸ್ಕಿನ ಕೆಳಗಿನ ಚೀಟಿ. ಮೆಟ್ಟಿಲ ಮೇಲೆ ನಿಲ್ಲಿಸಿದ್ರಿ."

ಮೇಷ್ಟ್ರು ಅವಳ ಮುಖ ನೋಡಿದರು, ಗುರುತು ಹತ್ತಿತು. ಆಮೇಲೆ ಸ್ಟೂಲಿನ ಮೇಲೆ ಕುಸಿದು ಕೂತರು.

"ಅದು ನಿಂದಲ್ಲ ಅಂತ ಅವತ್ತು ಸಂಜೆನೇ ಗೊತ್ತಾಯ್ತು ಕಣಮ್ಮ" ಎಂದರು. "ಆ ಅಧ್ಯಕ್ಷರ ಮಗಳೇ ಅತ್ಕೊಂಡು ಬಂದು ಹೇಳಿದ್ಲು. ಆದರೆ ಅಷ್ಟು ಜನರೆದುರು ಹೇಳಿಬಿಟ್ಟಿದ್ದೆ. ಹೇಗೆ ಮಾತು ಹಿಂದಕ್ಕೆ ತಗೊಳ್ಳೋದು?"

ಇಷ್ಟು ವರ್ಷ ರೀಲಕ್ಕ ಅವರನ್ನು ದಡ್ಡ ಎಂದುಕೊಂಡು ದ್ವೇಷಿಸಿದ್ದಳು. ಈತ ದಡ್ಡನಲ್ಲ. ಗೊತ್ತಿದ್ದೂ ಊಟ ಮಾಡಿದ, ಮಲಗಿದ, ಮರುದಿನ ಎದ್ದು ಮಕ್ಕಳಿಗೆ ಪಾಠ ಹೇಳಿದ.

ಅವಳು ಹಾಲಿನ ಕಡೆ ಕೈ ತೋರಿಸಿದಳು. "ಜನ ಇನ್ನೂ ಇದಾರೆ. ಮೈಕ್ ಆನ್ ಇದೆ. ಹೋಗಿ ಅಷ್ಟನ್ನೂ ಹೇಳಿ. ಆಮೇಲೆ ನಾನೂ ಬಂದು, ಆ ಕೊನೆಗಳನ್ನೆಲ್ಲ ಹೇಳಿದ್ದು ನಾನೇ ಅಂತೀನಿ. ಕೆಲಸ ಹೋದ್ರೂ ಹೋಗ್ಲಿ."

ಮೇಷ್ಟ್ರು ಬಾಗಿಲ ಸಂದಿಯಿಂದ ಹಾಲನ್ನು ನೋಡಿದರು. ದರ್ಜಿ ಯಾರಿಗೋ ಕುದುರೆಯ ಕಥೆ ಹೇಳಿ ನಗಿಸುತ್ತಿದ್ದ. ಅವರು ಅಂಗಿಯ ತೋಳು ಸರಿಮಾಡಿಕೊಂಡರು.

"ಈಗ ಯಾಕಮ್ಮ ಅದೆಲ್ಲ" ಎಂದರು.

"ಹಾಗಾದ್ರೆ ನಾನು ನಿಮಗೆ ಏನೂ ಹೇಳಿಲ್ಲ" ಎಂದಳು ರೀಲಕ್ಕ. "ನಿಮಗೆ ಅರಳುಮರಳು ಮೇಷ್ಟ್ರೇ. ಹೋಗಿ ಕೂತ್ಕೊಳ್ಳಿ, ಲೈಟ್ ಆರಿಸ್ಬೇಕು."